ಹಳೆಯ ವ್ಯಾನಿನ ಡೈನಮೊ: ಅಂಗಳದ ದುರಸ್ತಿಯೂ ಲೆಕ್ಕದ ಪುಸ್ತಕವೂ

ತುಮಕೂರು ರಸ್ತೆಯ ಎಂಟನೇ ಮೈಲಿಯಿಂದ ಹೆಸರಘಟ್ಟ ರಸ್ತೆಗೆ ತಿರುಗಿ, ಬಾಗಲಗುಂಟೆಯ ಒಳರಸ್ತೆಗಳಲ್ಲಿ ಬೆಳಗಿನ ಏಳು ಗಂಟೆಗೆ ಹಾದುಹೋಗುವವರಿಗೆ ಒಂದು ದೃಶ್ಯ ಅಪರೂಪವೇನಲ್ಲ. ಕೆಳ ಅಂತಸ್ತಿನಲ್ಲಿ ಎರಡು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ, ಮೇಲಂತಸ್ತಿನಲ್ಲಿ ಸಂಸಾರ, ಮುಂದೆ ಹದಿನಾಲ್ಕು ಹದಿನೈದು ವರ್ಷ ದುಡಿದ ಒಂದು ಡೀಸೆಲ್ ವ್ಯಾನು. ಅದರ ಬಾನೆಟ್ ತೆರೆದಿರುತ್ತದೆ. ಪೀಣ್ಯದ ಗ್ರಾಹಕರಿಗೆ ಹತ್ತು ಗಂಟೆಗೆ ತಲುಪಬೇಕಾದ ಮಾಲು ಒಳಗೆ ತುಂಬಿದೆ. ಗಾಡಿ ಮಾತ್ರ ಹೊರಡದು. "ಕೆಂಪು ದೀಪ ಶನಿವಾರದಿಂದಲೇ ಉರೀತಿತ್ತು ಸಾರ್, ಗಾಡಿ ಓಡ್ತಿತ್ತಲ್ಲ ಅಂತ ಸುಮ್ಮನಿದ್ದೆ" ಎಂದು ಚಾಲಕ ತಲೆ ಕೆರೆದುಕೊಳ್ಳುತ್ತಾನೆ. ಮಾಲೀಕ ಅಂಗಿಯ ತೋಳು ಮಡಚಿ ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಾನೆ.

ಆ ಸ್ಪ್ಯಾನರ್ ಹಿಡಿದ ಕೈ ಉಳಿತಾಯ ಮಾಡುತ್ತಿದೆಯೆ, ನಷ್ಟ ಮಾಡುತ್ತಿದೆಯೆ? ಪ್ರಶ್ನೆ ಸಣ್ಣದಾಗಿ ಕಾಣಬಹುದು. ಆದರೆ ಸಣ್ಣ ತಯಾರಕನ ಲಾಭದ ಅಂಚು ಇಂಥ ಸಣ್ಣ ಪ್ರಶ್ನೆಗಳಲ್ಲಿಯೇ ಕರಗುತ್ತದೆ ಅಥವಾ ಉಳಿಯುತ್ತದೆ. ಕಚ್ಚಾ ಮಾಲಿನ ಬೆಲೆ ಅವನ ಕೈಯಲ್ಲಿಲ್ಲ. ಗ್ರಾಹಕ ಕೊಡುವ ದರವೂ ಅವನ ಕೈಯಲ್ಲಿಲ್ಲ. ತನ್ನ ಗಾಡಿಯನ್ನು ಹೇಗೆ ಇಟ್ಟುಕೊಳ್ಳಬೇಕೆಂಬುದು ಮಾತ್ರ ಪೂರ್ಣವಾಗಿ ಅವನ ಕೈಯಲ್ಲಿದೆ. ದುರಸ್ತಿಯನ್ನು ಅಂಗಳದಲ್ಲಿ ಮಾಡಬಹುದು; ಆದರೆ ದುರಸ್ತಿಯ ನಿರ್ಧಾರವನ್ನು ಲೆಕ್ಕದ ಪುಸ್ತಕದಲ್ಲಿಯೇ ಮಾಡಬೇಕು ಎಂಬುದು ಈ ಲೇಖನದ ನಿಲುವು.

ಕೊಳ್ಳುವ ಮುನ್ನ ಪರೀಕ್ಷೆ

ಗ್ಯಾರೇಜುಗಳಲ್ಲಿ ಇಂದಿಗೂ 'ಡೈನಮೊ' ಎಂದೇ ಕರೆಸಿಕೊಳ್ಳುವ ಭಾಗ ವಾಸ್ತವವಾಗಿ ಆಲ್ಟರ್ನೇಟರ್. ಎಂಜಿನ್ನಿನ ಮುಂಭಾಗದ ಪುಲ್ಲಿಯಿಂದ ಫ್ಯಾನ್ ಬೆಲ್ಟ್ ಇದನ್ನು ತಿರುಗಿಸುತ್ತದೆ. ಒಳಗೆ ತಿರುಗುವ ರೋಟರ್, ಸುತ್ತ ನಿಂತಿರುವ ತಾಮ್ರದ ಸುರುಳಿಗಳ ಸ್ಟೇಟರ್, ರೋಟರಿಗೆ ವಿದ್ಯುತ್ ತಲುಪಿಸುವ ಎರಡು ಕಾರ್ಬನ್ ಬ್ರಷ್, ಹುಟ್ಟಿದ ಪರ್ಯಾಯ ವಿದ್ಯುತ್ತನ್ನು ಏಕಮುಖವಾಗಿಸುವ ಡಯೋಡುಗಳು, ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್. ಇಷ್ಟೇ ಇದರ ಸಂಸಾರ. ಬ್ಯಾಟರಿಯು ಗಾಡಿಯನ್ನು ಸ್ಟಾರ್ಟ್ ಮಾಡಲು ಇರುವ ಉಳಿತಾಯ ಖಾತೆಯಾದರೆ, ಆಲ್ಟರ್ನೇಟರ್ ಅದಕ್ಕೆ ದಿನವೂ ಜಮೆ ಮಾಡುವ ದುಡಿಮೆ. ದುಡಿಮೆ ನಿಂತರೆ ಖಾತೆ ಕೆಲವು ಗಂಟೆ ಬಾಳುತ್ತದೆ, ನಂತರ ಬರಿದಾಗುತ್ತದೆ. ಹಳೆಯ ಡೀಸೆಲ್ ಎಂಜಿನ್ನು ಒಮ್ಮೆ ಹೊತ್ತಿಕೊಂಡರೆ ಹೆಚ್ಚಿನ ವಿದ್ಯುತ್ತನ್ನು ಬೇಡದ ಕಾರಣ, ಕೆಟ್ಟ ಆಲ್ಟರ್ನೇಟರಿನೊಡನೆಯೂ ಓಡುತ್ತಲೇ ಇರುತ್ತದೆ. ಚಾಲಕ ಮೋಸಹೋಗುವುದು ಇಲ್ಲಿಯೇ. ಸಂಜೆ ಆಫ್ ಮಾಡಿದ ಗಾಡಿ ಬೆಳಿಗ್ಗೆ ಏಳುವುದಿಲ್ಲ.

ಕೆಂಪು ದೀಪ ಉರಿದ ಮಾತ್ರಕ್ಕೆ ಆಲ್ಟರ್ನೇಟರ್ ಸತ್ತಿದೆ ಎಂದು ತೀರ್ಮಾನಿಸಿ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಓಡುವುದು ಮೊದಲ ತಪ್ಪು. ಕೆಲವು ನೂರು ರೂಪಾಯಿಗೆ ದೊರೆಯುವ ಒಂದು ಮಲ್ಟಿಮೀಟರು ಇಲ್ಲಿ ಸಾವಿರಾರು ರೂಪಾಯಿ ಉಳಿಸಬಲ್ಲದು. ಎಂಜಿನ್ ನಿಂತಿರುವಾಗ, ವಿಶ್ರಾಂತಿಯಲ್ಲಿರುವ ಒಳ್ಳೆಯ 12 ವೋಲ್ಟ್ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುತ್ತಿರುವಾಗ ಅದೇ ಬ್ಯಾಟರಿಯ ತುದಿಗಳಲ್ಲಿ 13.8ರಿಂದ 14.4 ವೋಲ್ಟ್ ಕಾಣಬೇಕು. ಹೆಡ್‌ಲೈಟ್ ಹಾಕಿದಾಗಲೂ ಅದು ಬಹಳ ಕುಸಿಯಬಾರದು. ಓಡುವಾಗಲೂ 12ರ ಆಸುಪಾಸಿನಲ್ಲಿಯೇ ನಿಂತರೆ ಜಮೆ ಆಗುತ್ತಿಲ್ಲ. 15 ವೋಲ್ಟ್ ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ, ಬ್ಯಾಟರಿಯ ನೀರು ಕುದಿಯುತ್ತಿದೆ.

ಜಮೆ ಆಗುತ್ತಿಲ್ಲವೆಂದು ತಿಳಿದ ಮೇಲೂ ಕಾರಣ ಹಲವಿರಬಹುದು. ಸಡಿಲವಾದ ಅಥವಾ ಎಣ್ಣೆ ಹಿಡಿದು ಜಾರುವ ಬೆಲ್ಟ್, ಹಸಿರು ಪಾಚಿ ಕಟ್ಟಿದ ಬ್ಯಾಟರಿ ತುದಿ, ತುಕ್ಕು ಹಿಡಿದ ಅರ್ಥ್ ತಂತಿ, ಸುಟ್ಟ ಫ್ಯೂಸು, ಸವೆದ ಬ್ರಷ್ ಇವೆಲ್ಲವೂ ಒಂದೇ ಕೆಂಪು ದೀಪವನ್ನು ಉರಿಸುತ್ತವೆ. ಇವುಗಳಲ್ಲಿ ಮೊದಲ ನಾಲ್ಕಕ್ಕೂ ಹೊಸ ಆಲ್ಟರ್ನೇಟರ್ ಪರಿಹಾರವಲ್ಲ. ಐದನೆಯದಕ್ಕೆ ಹೊಸ ಆಲ್ಟರ್ನೇಟರ್ ದುಂದುವೆಚ್ಚ. ಸರಿಯಾದ ರೋಗನಿರ್ಣಯವಿಲ್ಲದ ಖರೀದಿ, ದಾಸ್ತಾನು ಪರಿಶೀಲಿಸದೆ ಹಾಕಿದ ಆರ್ಡರಿನಂತೆ: ಹಣ ಹೋಗುತ್ತದೆ, ಕೊರತೆ ಉಳಿಯುತ್ತದೆ.

ಇನ್ನೊಂದು ಹಳೆಯ ಅಭ್ಯಾಸದ ಬಗ್ಗೆ ಎಚ್ಚರ ಅಗತ್ಯ. ನಿಜವಾದ ಡೈನಮೊಗಳಿದ್ದ ಕಾಲದಲ್ಲಿ, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ತಂತಿ ಕಳಚಿ, ಎಂಜಿನ್ ನಿಲ್ಲದಿದ್ದರೆ ಡೈನಮೊ ಸರಿಯಿದೆ ಎಂದು ಹೇಳುವ ಪದ್ಧತಿಯಿತ್ತು. ಆಲ್ಟರ್ನೇಟರಿನಲ್ಲಿ ಹೀಗೆ ಮಾಡಿದರೆ ಒತ್ತಡ ಒಮ್ಮೆಲೇ ಜಿಗಿದು, ಚೆನ್ನಾಗಿದ್ದ ಡಯೋಡುಗಳೂ ರೆಗ್ಯುಲೇಟರೂ ಸುಡಬಹುದು. ಪರೀಕ್ಷೆಯೇ ರೋಗವಾಗುವುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ.

ಕೈಗೆಲಸ ಎಷ್ಟರ ಮಟ್ಟಿಗೆ

ಆಲ್ಟರ್ನೇಟರ್ ಬದಲಿಸುವ ಕೆಲಸ ಮೂಲತಃ ಕಠಿಣವಲ್ಲ. ಲೇತಿನ ಮುಂದೆ ಇಪ್ಪತ್ತು ವರ್ಷ ನಿಂತ ಕೈಗೆ ಅದು ಸುಲಭವೆಂದೇ ಹೇಳಬೇಕು. ಮೊದಲು ಬ್ಯಾಟರಿಯ ಋಣ ತುದಿಯ ತಂತಿ ಕಳಚಬೇಕು. ಏಕೆಂದರೆ ಆಲ್ಟರ್ನೇಟರಿನ ದಪ್ಪ ತಂತಿಯಲ್ಲಿ ಕೀಲಿ ತೆಗೆದರೂ ವಿದ್ಯುತ್ ಇರುತ್ತದೆ, ಸ್ಪ್ಯಾನರ್ ತಾಗಿದರೆ ಕಿಡಿ ಹಾರುತ್ತದೆ. ಅನಂತರ ಪ್ರತಿ ತಂತಿಗೂ ಗುರುತು ಕಟ್ಟಿ ಬಿಡಿಸುವುದು, ಬಿಗಿತದ ಬೋಲ್ಟ್ ಸಡಿಲಿಸಿ ಬೆಲ್ಟ್ ಜಾರಿಸುವುದು, ಹಿಡಿದಿಟ್ಟ ಬೋಲ್ಟುಗಳನ್ನು ತೆಗೆಯುವುದು. ಹೊಸದನ್ನು ಕೂರಿಸುವ ಮೊದಲು ಹಳೆಯದನ್ನು ಅದರ ಪಕ್ಕದಲ್ಲಿಟ್ಟು ಪುಲ್ಲಿಯ ಅಗಲ, ಬೆಲ್ಟಿನ ಗಾಡಿ, ಕಿವಿಗಳ ಅಂತರ, ತಂತಿ ಕೂರುವ ಜಾಗ ಇವನ್ನು ಹೋಲಿಸಬೇಕು. ಕೂರಿಸಿದ ಮೇಲೆ ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಒಂದು ಸೆಂಟಿಮೀಟರ್ ಬಾಗಬೇಕು. ಹೆಚ್ಚು ಬಿಗಿದರೆ ಬೇರಿಂಗ್ ಹೋಗುತ್ತದೆ. ಸಡಿಲವಾದರೆ ಬೆಲ್ಟ್ ಕಿರುಚುತ್ತದೆ.

ಇಷ್ಟೇ ಆಗಿದ್ದರೆ ಅಂಗಳದ ದುರಸ್ತಿಗೆ ಯಾರ ಆಕ್ಷೇಪವೂ ಇರಬೇಕಾಗಿರಲಿಲ್ಲ. ಆದರೆ ಈ ದೇಶದ ಅನೇಕ ಹಳೆಯ ಡೀಸೆಲ್ ವ್ಯಾನು ಮತ್ತು ಲಘು ಟ್ರಕ್ಕುಗಳಲ್ಲಿ ಆಲ್ಟರ್ನೇಟರಿನ ಬೆನ್ನಿಗೆ ಇನ್ನೊಂದು ಯಂತ್ರ ಅಂಟಿಕೊಂಡಿರುತ್ತದೆ. ಅದೇ ವ್ಯಾಕ್ಯೂಮ್ ಪಂಪು. ಪೆಟ್ರೋಲ್ ಎಂಜಿನ್ನು ಉಸಿರೆಳೆಯುವಾಗ ನಿರ್ವಾತ ತಾನಾಗಿ ಹುಟ್ಟುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಹಾಗೆ ಹುಟ್ಟದು. ಬ್ರೇಕ್ ಬೂಸ್ಟರಿಗೆ ಬೇಕಾದ ನಿರ್ವಾತವನ್ನು ಈ ಪಂಪು ಒದಗಿಸುತ್ತದೆ. ಅದಕ್ಕೆ ಎಂಜಿನ್ನಿನಿಂದ ಎಣ್ಣೆ ಬರುವ ಸಣ್ಣ ಕೊಳವೆ, ಎಣ್ಣೆ ಹಿಂದಿರುಗುವ ದೊಡ್ಡ ಕೊಳವೆ, ಬೂಸ್ಟರಿಗೆ ಹೋಗುವ ನಿರ್ವಾತದ ಕೊಳವೆ ಹೀಗೆ ಮೂರು ಸಂಪರ್ಕಗಳಿರುತ್ತವೆ.

ಆದ್ದರಿಂದ ಇಂಥ ವ್ಯಾನಿನಲ್ಲಿ ಆಲ್ಟರ್ನೇಟರ್ ಬದಲಿಸುವುದೆಂದರೆ ಬ್ರೇಕಿನ ಕೆಲಸಕ್ಕೂ ಕೈಹಾಕಿದಂತೆ. ಎಣ್ಣೆಯ ಕೊಳವೆ ಸರಿಯಾಗಿ ಕೂರದಿದ್ದರೆ ಎಂಜಿನ್ ಎಣ್ಣೆ ಸೋರಿ ಎಂಜಿನ್ನೇ ಹಿಡಿಯಬಹುದು. ನಿರ್ವಾತದ ಕೊಳವೆ ಬಿರುಕು ಬಿಟ್ಟಿದ್ದರೆ ಬ್ರೇಕ್ ಪೆಡಲು ಕಲ್ಲಿನಂತಾಗುತ್ತದೆ. ಅರ್ಧ ಟನ್ ಮಾಲು ಹೊತ್ತು ತುಮಕೂರು ರಸ್ತೆಗೆ ಇಳಿದ ಮೇಲೆ ಅದು ತಿಳಿದರೆ ಪ್ರಯೋಜನವಿಲ್ಲ. ಕೆಲಸ ಮುಗಿದ ಮೇಲೆ ಒಂದು ಸರಳ ಪರೀಕ್ಷೆಯನ್ನು ಯಾವ ಕಾರಣಕ್ಕೂ ಬಿಡಬಾರದು: ಎಂಜಿನ್ ನಿಲ್ಲಿಸಿ, ಪೆಡಲು ಗಟ್ಟಿಯಾಗುವವರೆಗೆ ನಾಲ್ಕೈದು ಬಾರಿ ಒತ್ತಿ, ಕಾಲನ್ನು ಹಾಗೆಯೇ ಅದುಮಿಟ್ಟು ಎಂಜಿನ್ ಸ್ಟಾರ್ಟ್ ಮಾಡಬೇಕು. ಪೆಡಲು ಕಾಲಿನಡಿ ಸ್ವಲ್ಪ ಇಳಿದರೆ ಬೂಸ್ಟರಿಗೆ ನಿರ್ವಾತ ತಲುಪುತ್ತಿದೆ. ಇಳಿಯದಿದ್ದರೆ ಗಾಡಿ ಅಂಗಳ ಬಿಡಬಾರದು, ಮೆಕ್ಯಾನಿಕ್ಕನ್ನು ಕರೆಯಬೇಕು. ನೂರಾರು ರೂಪಾಯಿಯ ಕೂಲಿ ಉಳಿಸಲು ಚಾಲಕನ ಪ್ರಾಣವನ್ನೂ ದಾರಿಹೋಕರ ಪ್ರಾಣವನ್ನೂ ಪಣಕ್ಕಿಡುವ ಹಕ್ಕು ಯಾವ ಮಾಲೀಕನಿಗೂ ಇಲ್ಲ.

ಕೂಲಿ ಉಳಿಯಿತೆ?

ಇನ್ನು ಹಣದ ವಿಷಯ. ಲೆಕ್ಕದ ಅನುಕೂಲಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳಬಹುದು. ಪ್ರತಿಯೊಬ್ಬ ಓದುಗನೂ ತನ್ನ ಅಂಕಿಗಳನ್ನು ಆ ಜಾಗದಲ್ಲಿ ತುಂಬಿಕೊಳ್ಳಲಿ. ಆಲ್ಟರ್ನೇಟರಿನ ಬೆಲೆ ತೆರಿಗೆ ಬಿಟ್ಟು ರೂ. 8,000, ಬೆಲ್ಟಿಗೆ ರೂ. 600, ಮೆಕ್ಯಾನಿಕ್ಕಿನ ಕೂಲಿ ರೂ. 1,200 ಎಂದಿರಲಿ. ಗ್ಯಾರೇಜಿನ ದಾರಿಯಲ್ಲಿ ಒಟ್ಟು ರೂ. 9,800. ಮಾಲೀಕನೇ ಮಾಡಿದರೆ ಕೂಲಿ ಉಳಿದು ರೂ. 8,600 ಎಂದು ಮೇಲ್ನೋಟಕ್ಕೆ ತೋರುತ್ತದೆ.

ಆದರೆ ಅಭ್ಯಾಸವಿಲ್ಲದ ಕೈಗೆ ಈ ಕೆಲಸಕ್ಕೆ ಅಂಗಡಿಗೆ ಹೋಗಿಬರುವುದೂ ಸೇರಿ ಐದು ಗಂಟೆ ಬೇಕೆಂದು ಇಟ್ಟುಕೊಂಡರೆ, ಆ ಐದು ಗಂಟೆ ಲೇತು ನಿಂತಿದೆ. ಲೇತಿನ ಮುಂದೆ ಅವನ ಒಂದು ಗಂಟೆಯ ದುಡಿಮೆ ರೂ. 400 ತರುತ್ತಿದ್ದರೆ ರೂ. 2,000 ಹೋಯಿತು. ಅಂಗಳದ ದುರಸ್ತಿಯ ನಿಜವಾದ ವೆಚ್ಚ ರೂ. 10,600. ಗ್ಯಾರೇಜಿಗಿಂತ ರೂ. 800 ಹೆಚ್ಚು. ಕೂಲಿ ಉಳಿಸಿದೆನೆಂದು ಹೇಳಿಕೊಳ್ಳುವವನು ತನ್ನ ಕೂಲಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರುವುದಿಲ್ಲ. ಸಣ್ಣ ಉದ್ಯಮದ ಲೆಕ್ಕಪತ್ರಗಳಲ್ಲಿ ಅತಿ ಹೆಚ್ಚು ಕಾಣೆಯಾಗುವ ಅಂಕಿ ಮಾಲೀಕನ ಸಮಯದ ಬೆಲೆಯೇ ಆಗಿದೆ.

ಇದೇ ಲೆಕ್ಕ ಬೇರೆ ಸಂದರ್ಭದಲ್ಲಿ ತಲೆಕೆಳಗಾಗುತ್ತದೆ. ಮೆಕ್ಯಾನಿಕ್ಕು ನಾಳೆ ಬರುವೆನೆಂದರೆ ಇಂದು ಬಾಡಿಗೆ ವ್ಯಾನಿಗೆ ರೂ. 2,500, ಕೆಲಸವಿಲ್ಲದೆ ಕುಳಿತ ಚಾಲಕನ ದಿನಗೂಲಿ ರೂ. 800, ಒಟ್ಟು ರೂ. 3,300 ಸೇರಿ ಗ್ಯಾರೇಜಿನ ದಾರಿಗೆ ರೂ. 13,100 ಆಗುತ್ತದೆ. ಆಗ ರೂ. 10,600ರ ಅಂಗಳದ ದುರಸ್ತಿಯೇ ಲಾಭಕರ. ಭಾನುವಾರ ಲೇತು ಹೇಗೂ ನಿಂತಿರುವಾಗ ಅದೇ ಕೆಲಸಕ್ಕೆ ಅವನ ಗಂಟೆಯ ಬೆಲೆ ಬಹಳ ಕಡಿಮೆ. ಆಗಲೂ ಅಂಗಳದ ದುರಸ್ತಿ ಗೆಲ್ಲುತ್ತದೆ. ಅಂದರೆ ಉತ್ತರವನ್ನು ನಿರ್ಧರಿಸುವುದು ಬಿಡಿಭಾಗದ ಬೆಲೆಯಲ್ಲ, ಗಾಡಿ ನಿಂತ ದಿನದ ಬೆಲೆ. ತನ್ನ ವ್ಯಾನು ಒಂದು ದಿನ ನಿಂತರೆ ಎಷ್ಟು ನಷ್ಟ ಎಂಬ ಒಂದೇ ಅಂಕಿಯನ್ನು ಮಾಲೀಕನು ಮುಂಚಿತವಾಗಿ ಬರೆದಿಟ್ಟುಕೊಂಡಿದ್ದರೆ, ಬೆಳಗಿನ ಗಡಿಬಿಡಿಯಲ್ಲಿ ನಿರ್ಧಾರ ಸುಲಭವಾಗುತ್ತದೆ.

ಈ ಭಾಗದ ಉದ್ಯಮಿಗಳಿಗೆ ನಿಂತ ಗಾಡಿಯ ಬೆಲೆಯ ಪಾಠ ಹೊಸದಲ್ಲ. 2021ರ ಡಿಸೆಂಬರ್ ಕೊನೆಯಲ್ಲಿ ಪೀಣ್ಯ ಮೇಲ್ಸೇತುವೆಯನ್ನು ಮುಚ್ಚಿ, 2022ರ ಫೆಬ್ರವರಿಯಲ್ಲಿ ಲಘು ವಾಹನಗಳಿಗೆ ಮಾತ್ರ ತೆರೆದಾಗ, ಕೆಳಗಿನ ರಸ್ತೆಯಲ್ಲಿ ಸಿಕ್ಕಿಕೊಂಡ ಪ್ರತಿ ಗಂಟೆಯೂ ಹಣವೆಂಬುದನ್ನು ಬಾಗಲಗುಂಟೆ, ದಾಸರಹಳ್ಳಿ, ನಾಗಸಂದ್ರಗಳ ಕಾರ್ಖಾನೆದಾರರು ಅನುಭವಿಸಿ ತಿಳಿದಿದ್ದಾರೆ. ರಸ್ತೆಯ ತಡೆ ಯಾರ ಕೈಯಲ್ಲೂ ಇರಲಿಲ್ಲ. ಶನಿವಾರದ ಕೆಂಪು ದೀಪವಾದರೋ ಮಾಲೀಕನ ಕೈಯಲ್ಲಿಯೇ ಇತ್ತು. ಶನಿವಾರ ಸಂಜೆ ಹೇಳಿದ ಚಾಲಕನಿಗೆ ಬೈಗುಳ ಬೀಳುವುದೆಂಬ ಭಯವಿದ್ದರೆ ಅವನು ಸೋಮವಾರದವರೆಗೆ ಸುಮ್ಮನಿರುತ್ತಾನೆ. ಆ ಮೌನದ ವೆಚ್ಚವೂ ಮಾಲೀಕನದೇ.

ಹೊಸದು, ರೀಕಂಡೀಷನ್, ಗುಜರಿ

ಭಾಗ ಬದಲಿಸಲೇಬೇಕೆಂದಾದ ಮೇಲೆ ಮೂರು ದಾರಿಗಳಿವೆ. ಹೆಸರುವಾಸಿ ತಯಾರಕರ ಹೊಸ ಆಲ್ಟರ್ನೇಟರ್. ಬೇರಿಂಗ್, ಬ್ರಷ್, ಡಯೋಡ್ ಬದಲಿಸಿ ರೀಕಂಡೀಷನ್ ಮಾಡಿದ್ದು. ಗುಜರಿಗೆ ಬಂದ ಗಾಡಿಯಿಂದ ಕಳಚಿದ ಹಳೆಯದು. ಕೊನೆಯದು ಅಗ್ಗ, ಆದರೆ ಅದರ ಆಯುಷ್ಯ ಎಷ್ಟು ಕಳೆದಿದೆಯೆಂದು ಹೇಳುವವರಿಲ್ಲ, ಬಿಲ್ಲೂ ಸಿಗದಿರಬಹುದು. ಎರಡನೆಯದು ನಂಬಿಕೆಯ ವ್ಯವಹಾರ. ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಯಾವ ಭಾಗ ಬದಲಿಸಿದೆನೆಂದು ಬಿಲ್ಲಿನಲ್ಲಿ ಬರೆದು, ಆರು ತಿಂಗಳ ಜವಾಬ್ದಾರಿ ಹೊತ್ತರೆ ಹಳೆಯ ವ್ಯಾನಿಗೆ ಇದೇ ಹಲವೊಮ್ಮೆ ಸೂಕ್ತ. ಇನ್ನು ಮೂರು ವರ್ಷ ಮಾತ್ರ ಓಡುವ ಗಾಡಿಗೆ ಹತ್ತು ವರ್ಷ ಬಾಳುವ ಭಾಗ ಹಾಕುವುದು ವಿವೇಕವಲ್ಲ.

ಹೊಸದನ್ನು ಕೊಳ್ಳುವಾಗಲೂ ಡಬ್ಬಿಯ ಮೇಲಿನ ಹೆಸರಷ್ಟೇ ಸಾಲದು. ಮೆಟಡಾರ್, ಟೆಂಪೊ ಟ್ರಾವೆಲರ್, 407, 2005ರಲ್ಲಿ ಮಾರುಕಟ್ಟೆಗೆ ಬಂದ ಏಸ್ ಮುಂತಾದ ಗಾಡಿಗಳ ಬಿಡಿಭಾಗಗಳಿಗೆ ಬೇಡಿಕೆ ಹೆಚ್ಚಿರುವುದರಿಂದಲೇ ನಕಲಿಗೂ ಜಾಗವಿದೆ. ತೆರಿಗೆ ಇನ್‌ವಾಯ್ಸ್ ಕೊಡಲೊಪ್ಪದ ಅಂಗಡಿಯವನು ಖಾತರಿಯನ್ನೂ ಕೊಡಲಾರ. ಬಿಲ್ಲು ಬೇಡವೆಂದರೆ ತೆರಿಗೆ ಉಳಿಯುವುದೆಂಬ ಮಾತಿಗೆ ಮರುಳಾಗುವವನು ಕಳೆದುಕೊಳ್ಳುವುದು ಏನೆಂಬುದನ್ನು ಮುಂದೆ ನೋಡಬಹುದು.

ಪುಸ್ತಕದಲ್ಲಿ ಎಲ್ಲಿ ಬರೆಯಬೇಕು

ಕೆಟ್ಟ ಆಲ್ಟರ್ನೇಟರಿನ ಬದಲು ಹೊಸದನ್ನು ಹಾಕಿದ ವೆಚ್ಚ ಬಂಡವಾಳದ್ದೆ, ಕಂದಾಯದ್ದೆ ಎಂಬ ಸಂದೇಹ ವ್ಯಾಪಾರಿಗಳಲ್ಲಿದೆ. 1961ರ ಆದಾಯ ತೆರಿಗೆ ಕಾಯಿದೆಯ 31ನೆಯ ಕಲಮು ಯಂತ್ರ ಸ್ಥಾವರಗಳ 'ಚಾಲ್ತಿ ದುರಸ್ತಿ'ಯ ವೆಚ್ಚಕ್ಕೆ ವಿನಾಯಿತಿ ಕೊಟ್ಟಿತ್ತು. 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಇರುವ ಆಸ್ತಿಯನ್ನು ಕಾಪಾಡಿ ಉಳಿಸಿಕೊಳ್ಳಲು ಮಾಡಿದ ವೆಚ್ಚ ಮಾತ್ರ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ವೆಚ್ಚ ಹಾಗಲ್ಲ ಎಂಬ ಒರೆಗಲ್ಲನ್ನು ಹಿಡಿಯಿತು. ಆ ಪ್ರಕರಣದಲ್ಲಿ ತಾನೇ ಸ್ವತಂತ್ರ ಯಂತ್ರವಾದ ರಿಂಗ್ ಫ್ರೇಮಿನ ಬದಲಾವಣೆ ಚಾಲ್ತಿ ದುರಸ್ತಿ ಎನಿಸಲಿಲ್ಲ. ಆಲ್ಟರ್ನೇಟರಾದರೋ ವ್ಯಾನಿನಿಂದ ಬೇರ್ಪಟ್ಟು ಏನನ್ನೂ ಮಾಡದ ಅಂಗ. ಅದನ್ನು ಬದಲಿಸಿದ್ದರಿಂದ ಹೊಸ ವ್ಯಾನು ಹುಟ್ಟಲಿಲ್ಲ, ಇದ್ದ ವ್ಯಾನು ಉಳಿಯಿತು. ಆದ್ದರಿಂದ ಅದು ವರ್ಷದ ವೆಚ್ಚವೇ. ಸವಕಳಿಯ ಪಟ್ಟಿಗೆ ಸೇರಿಸಿ ಶೇ. 15ರಂತೆ ವರ್ಷಾನುವರ್ಷ ಕಾಯಬೇಕಿಲ್ಲ. 2025ರ ಹೊಸ ಆದಾಯ ತೆರಿಗೆ ಕಾಯಿದೆಗೆ ನಿಗದಿಯಾದ ಜಾರಿಯ ದಿನಾಂಕ 2026ರ ಏಪ್ರಿಲ್ 1. ಅಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆಯಾದರೂ ತತ್ತ್ವ ಬದಲಾಗಿಲ್ಲ.

ಒಬ್ಬ ವ್ಯಕ್ತಿಗೆ ಒಂದೇ ದಿನ ರೂ. 10,000ಕ್ಕೂ ಹೆಚ್ಚು ನಗದು ಕೊಟ್ಟರೆ ಆ ವೆಚ್ಚ ಅಮಾನ್ಯವಾಗುವ ನಿಯಮವನ್ನೂ ಮರೆಯಬಾರದು. ಆಲ್ಟರ್ನೇಟರ್, ಬೆಲ್ಟ್, ಬ್ಯಾಟರಿ ಒಂದೇ ಅಂಗಡಿಯಲ್ಲಿ ಕೊಂಡಾಗ ಈ ಮಿತಿ ಅರಿವಿಲ್ಲದೆ ದಾಟುತ್ತದೆ. ಬ್ಯಾಂಕಿನ ಮೂಲಕ ಪಾವತಿ ಮಾಡುವುದೊಂದೇ ಪರಿಹಾರ.

ವಹಿವಾಟಿನ ಇಂತಿಷ್ಟು ಶೇಕಡಾವಾರನ್ನು ಆದಾಯವೆಂದು ಘೋಷಿಸುವ ಊಹಾತ್ಮಕ ಪದ್ಧತಿಯನ್ನು ಆರಿಸಿಕೊಂಡ ಸಣ್ಣ ವ್ಯಾಪಾರಿಗೆ ಇಲ್ಲಿ ಒಂದು ವಿಶೇಷ ಮಾತಿದೆ. ಅವನಿಗೆ ದುರಸ್ತಿಯ ವೆಚ್ಚದಿಂದ ತೆರಿಗೆ ಒಂದು ರೂಪಾಯಿಯೂ ಕಡಿಮೆಯಾಗದು. 'ವೆಚ್ಚವಾದರೇನು, ತೆರಿಗೆಯಲ್ಲಿ ಕಳೆಯಿತು' ಎಂಬ ಸಮಾಧಾನ ಅವನಿಗೆ ಇಲ್ಲ. ಆದ್ದರಿಂದ ರೋಗನಿರ್ಣಯದಲ್ಲಿ ಉಳಿಸಿದ ಪ್ರತಿ ರೂಪಾಯಿಯೂ ಪೂರ್ಣವಾಗಿ ಅವನದೇ.

ಸರಕು ಮತ್ತು ಸೇವಾ ತೆರಿಗೆಯ ಕಡೆ ನೋಡಿದರೆ, 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಏಕರೂಪದ ಶೇ. 18ರ ದರ ಜಾರಿಗೆ ಬಂದಿದೆ. ಅದಕ್ಕೆ ಮೊದಲು ಆಲ್ಟರ್ನೇಟರಿಗೆ ಶೇ. 28 ಇತ್ತು. ಮೇಲಿನ ರೂ. 8,000ರ ಭಾಗಕ್ಕೆ ಹಿಂದೆ ರೂ. 2,240 ತೆರಿಗೆಯಾಗುತ್ತಿದ್ದುದು ರೂ. 1,440ಕ್ಕೆ ಇಳಿಯಿತು. ರಾಜಿ ತೆರಿಗೆಯ ವ್ಯಾಪಾರಿಗೆ ಇದು ರೂ. 800ರ ನೇರ ಉಳಿತಾಯ. ಸಾಮಾನ್ಯ ನೋಂದಣಿಯುಳ್ಳ, ತೆರಿಗೆಗೆ ಒಳಪಟ್ಟ ಮಾಲನ್ನು ತಯಾರಿಸುವ ಕಾರ್ಖಾನೆದಾರನಿಗೆ ಸರಕು ಸಾಗಣೆಯ ವ್ಯಾನಾದರೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದರಿಂದ ರೂ. 1,440 ಪೂರ್ತಿ ಹಿಂದಿರುಗುತ್ತದೆ. ಬಿಲ್ಲು ಬೇಡವೆಂದವನು ಬಿಟ್ಟುಕೊಟ್ಟದ್ದು ಇದನ್ನೇ. ಆದರೆ ಚಾಲಕನೂ ಸೇರಿ ಹದಿಮೂರು ಜನರವರೆಗಿನ ಪ್ರಯಾಣಿಕರ ವಾಹನವೆಂದು ನೋಂದಣಿಯಾದ ವ್ಯಾನಿನಲ್ಲಿ ಆಸನ ಕಿತ್ತು ಮಾಲು ಸಾಗಿಸುವವರು, ದುರಸ್ತಿಯ ತೆರಿಗೆಯ ಜಮೆ ಪಡೆಯುವ ಮೊದಲು ನೋಂದಣಿ ಪತ್ರವನ್ನು ಒಮ್ಮೆ ತೆರೆದು ನೋಡುವುದು ಕ್ಷೇಮ.

ಹಳೆಯ ಆಲ್ಟರ್ನೇಟರನ್ನು ಅಂಗಡಿಯವನಿಗೇ ಕೊಟ್ಟು ಬೆಲೆ ಇಳಿಸಿಕೊಳ್ಳುವ ರೂಢಿಯಿದೆ. ಅದರಲ್ಲಿ ತಾಮ್ರವಿರುವುದರಿಂದ ಅದಕ್ಕೆ ಬೆಲೆಯಿದ್ದೇ ಇದೆ. ಇಂಥ ವಿನಿಮಯದಲ್ಲಿ ತೆರಿಗೆಯನ್ನು ಕೈಗೆ ಬಂದ ನಗದಿನ ಮೇಲಲ್ಲ, ಹೊಸ ಭಾಗದ ಪೂರ್ಣ ಮಾರುಕಟ್ಟೆ ಬೆಲೆಯ ಮೇಲೆ ಲೆಕ್ಕ ಹಾಕಬೇಕೆಂಬುದೇ ಮೌಲ್ಯ ನಿರ್ಣಯದ ನಿಯಮ. ಮಾರುವವನೂ ಕೊಳ್ಳುವವನೂ ಇದನ್ನರಿತು ಬಿಲ್ಲು ಮಾಡಿಕೊಂಡರೆ ಮುಂದಿನ ನೋಟಿಸು ತಪ್ಪುತ್ತದೆ.

ಎಲ್ಲಿಯವರೆಗೆ ದುರಸ್ತಿ?

ಹಳೆಯ ಗಾಡಿಯ ವಿಷಯದಲ್ಲಿ ಎರಡು ವಿರುದ್ಧ ತಪ್ಪುಗಳು ನಡೆಯುತ್ತವೆ. ಮೊದಲನೆಯದು, 'ಈ ವರ್ಷ ಈಗಾಗಲೇ ನಲವತ್ತು ಸಾವಿರ ಹಾಕಿದ್ದೇನೆ, ಈಗ ಮಾರುವುದು ಹೇಗೆ' ಎಂಬ ಮೋಹ. ಹಾಕಿದ ಹಣ ಹೋಯಿತು. ಅದು ಮುಂದಿನ ನಿರ್ಧಾರದಲ್ಲಿ ಭಾಗವಹಿಸಬಾರದು. ಮುಂದಿನ ಹನ್ನೆರಡು ತಿಂಗಳಲ್ಲಿ ಎಷ್ಟು ಬೇಕಾದೀತು ಎಂಬುದಷ್ಟೇ ಪ್ರಶ್ನೆ. ಎರಡನೆಯದು, ದುರಸ್ತಿಯ ವೆಚ್ಚವನ್ನು ಹೊಸ ಗಾಡಿಯ ಮಾಸಿಕ ಕಂತಿನೊಡನೆ ಹೋಲಿಸುವುದು. ಕಂತಿನಲ್ಲಿ ಅಸಲೂ ಸೇರಿದೆ, ಅಸಲು ವೆಚ್ಚವಲ್ಲ. ಒಂದು ಕಡೆ ಹಳೆಯ ವ್ಯಾನಿನ ದುರಸ್ತಿ, ನಿಂತ ದಿನಗಳ ನಷ್ಟ, ಹೆಚ್ಚುವರಿ ಡೀಸೆಲ್, ಅರ್ಹತಾ ಪತ್ರದ ಶುಲ್ಕ. ಇನ್ನೊಂದು ಕಡೆ ಹೊಸದರ ಬಡ್ಡಿ, ಸವಕಳಿ, ಹೆಚ್ಚಿನ ವಿಮೆ. ಇವೆರಡನ್ನು ಮಾತ್ರ ತಕ್ಕಡಿಯಲ್ಲಿ ತೂಗಬೇಕು.

ಈ ತಕ್ಕಡಿಯ ಮೊದಲ ತಟ್ಟೆ ಇತ್ತೀಚಿನ ವರ್ಷಗಳಲ್ಲಿ ಭಾರವಾಗುತ್ತಿದೆ ಎಂಬುದನ್ನೂ ಒಪ್ಪಬೇಕು. ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಅರ್ಹತಾ ಪತ್ರವನ್ನು ಪ್ರತಿ ವರ್ಷ ಪಡೆಯಬೇಕು. 2022ರ ಏಪ್ರಿಲ್‌ನಿಂದ ಹದಿನೈದು ವರ್ಷ ಮೀರಿದ ವಾಹನಗಳ ಶುಲ್ಕ ಗಣನೀಯವಾಗಿ ಏರಿತು. 2025ರಲ್ಲಿ ಮತ್ತೆ ಏರಿಕೆಯಾಯಿತು. ಆದರೂ ಕಾಯಿದೆ ಒಪ್ಪುವವರೆಗೆ, ಎಂಜಿನ್ನು ಗಟ್ಟಿಯಿರುವವರೆಗೆ, ಹೊಗೆ ಮಿತಿಯಲ್ಲಿರುವವರೆಗೆ, ದಿನಕ್ಕೆ ಇಪ್ಪತ್ತು ಮೂವತ್ತು ಕಿಲೋಮೀಟರ್ ಮಾತ್ರ ಓಡುವ ವ್ಯಾನನ್ನು ಸಾಲ ಮಾಡಿ ಬದಲಿಸುವ ಅವಸರ ಬೇಡ. ಕಡಿಮೆ ಓಡುವ ಗಾಡಿಗೆ ಹೊಸದರ ಸವಕಳಿಯೇ ದೊಡ್ಡ ಹೊರೆ. ದಿನಕ್ಕೆ ನೂರೈವತ್ತು ಕಿಲೋಮೀಟರ್ ಓಡುವವನ ಲೆಕ್ಕ ಬೇರೆ.

ಇದಕ್ಕೆಲ್ಲ ಬೇಕಾದುದು ಒಂದು ನೂರು ಪುಟದ ಪುಸ್ತಕ. ಎಡಗಡೆ ದಿನಾಂಕ, ಕಿಲೋಮೀಟರ್, ಬದಲಿಸಿದ ಭಾಗ, ಬಿಲ್ಲಿನ ಸಂಖ್ಯೆ. ಬಲಗಡೆ ಹಣ, ನಿಂತ ಗಂಟೆಗಳು, ಯಾರು ಕೆಲಸ ಮಾಡಿದರು ಎಂಬುದು. ಮೂರು ವರ್ಷ ತಪ್ಪದೆ ಬರೆದ ಈ ಪುಸ್ತಕ ಯಾವ ಮಾರಾಟಗಾರನ ಮಾತಿಗಿಂತಲೂ ನಂಬಲರ್ಹ. ಒಂದೇ ವರ್ಷದಲ್ಲಿ ಎರಡನೆಯ ಆಲ್ಟರ್ನೇಟರ್ ಬರೆಯಬೇಕಾಗಿ ಬಂದರೆ, ದೋಷ ಆಲ್ಟರ್ನೇಟರಿನಲ್ಲಿಲ್ಲ, ಬೆಲ್ಟು, ತಂತಿ ಅಥವಾ ಎಣ್ಣೆಯ ಸೋರಿಕೆಯಲ್ಲಿದೆ ಎಂದು ಪುಸ್ತಕವೇ ಹೇಳುತ್ತದೆ.

ಸಂಘಟಿತ ಪ್ರಯತ್ನದ ಅಗತ್ಯ

ದುರಸ್ತಿ ಮಾಡಿಕೊಳ್ಳುವ ಸ್ವಾತಂತ್ರ್ಯ ವೈಯಕ್ತಿಕ ಕೌಶಲ್ಯದ ಮಾತು ಮಾತ್ರವಲ್ಲ, ಮಾರುಕಟ್ಟೆಯ ನ್ಯಾಯದ ಮಾತೂ ಹೌದು. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಹದಿನಾಲ್ಕು ಕಾರು ತಯಾರಕರಿಗೆ ರೂ. 2,544 ಕೋಟಿ ದಂಡ ವಿಧಿಸಿತು. ಮೂಲ ಬಿಡಿಭಾಗಗಳನ್ನೂ ದುರಸ್ತಿಯ ಕೈಪಿಡಿ, ಪರೀಕ್ಷಾ ಸಾಧನಗಳನ್ನೂ ಮುಕ್ತ ಮಾರುಕಟ್ಟೆಯ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯದಂತೆ ಮಾಡಿದರೆಂಬುದು ಆಯೋಗದ ತೀರ್ಮಾನವಾಗಿತ್ತು. ದಂಡದ ವಿಷಯ ಮೇಲ್ಮನವಿಗೆ ಹೋಯಿತಾದರೂ, ಆಯೋಗ ಎತ್ತಿದ ಪ್ರಶ್ನೆ ಇಂದಿಗೂ ಜೀವಂತವಾಗಿದೆ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯು 'ದುರಸ್ತಿಯ ಹಕ್ಕು' ಕುರಿತು ಸಮಿತಿ ರಚಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಜಾಲತಾಣವನ್ನು ತೆರೆಯಿತು. ವಾಹನ ಕ್ಷೇತ್ರವೂ ಅದರ ವ್ಯಾಪ್ತಿಯಲ್ಲಿದೆ. ಹಳೆಯ ವ್ಯಾನಿನ ಆಲ್ಟರ್ನೇಟರನ್ನು ಬಾಗಲಗುಂಟೆಯ ಅಂಗಳದಲ್ಲಿ ಬದಲಿಸಬಹುದು. ಹೊಸ ವ್ಯಾನುಗಳಲ್ಲಿ ಜಮೆಯ ಪ್ರಮಾಣವನ್ನು ಎಂಜಿನ್ನಿನ ಕಂಪ್ಯೂಟರೇ ನಿರ್ಧರಿಸುವ ಏರ್ಪಾಡು ಬರುತ್ತಿರುವಾಗ, ತಯಾರಕರು ಮಾಹಿತಿಯನ್ನು ಬಿಟ್ಟುಕೊಡದಿದ್ದರೆ ಸ್ಪ್ಯಾನರಿನಿಂದ ಏನೂ ಆಗದು.

ವಾಣಿಜ್ಯ ಸಂಘಟನೆಗಳು ಇಲ್ಲಿ ಮಾಡಬಹುದಾದ ಕೆಲಸಗಳಿವೆ. ಮೊದಲನೆಯದಾಗಿ, ಸದಸ್ಯರ ಚಾಲಕರಿಗೆ ವರ್ಷಕ್ಕೊಮ್ಮೆಯಾದರೂ ಒಂದು ದಿನದ ತರಬೇತಿ. ಮಲ್ಟಿಮೀಟರ್ ಹಿಡಿಯುವುದು, ಬೆಲ್ಟ್ ನೋಡುವುದು, ಬ್ರೇಕ್ ಬೂಸ್ಟರ್ ಪರೀಕ್ಷಿಸುವುದು, ಎಚ್ಚರಿಕೆಯ ದೀಪ ಉರಿದ ದಿನವೇ ತಿಳಿಸುವುದು ಇಷ್ಟು ಕಲಿತರೆ ಸಾಕು. ಕೈಗಾರಿಕಾ ತರಬೇತಿ ಸಂಸ್ಥೆಗಳ ಶಿಕ್ಷಕರು ಇದಕ್ಕೆ ದೊರೆಯುತ್ತಾರೆ. ಎರಡನೆಯದಾಗಿ, ಬಿಲ್ಲು ಮತ್ತು ಲಿಖಿತ ಖಾತರಿ ಕೊಡುವ ರೀಕಂಡೀಷನ್ ಕೆಲಸಗಾರರ ಪಟ್ಟಿ. ಈ ಕುಶಲಕರ್ಮಿಗಳೂ ಸಣ್ಣ ಉದ್ಯಮಿಗಳೇ. ಪಟ್ಟಿಯಲ್ಲಿ ಹೆಸರು ಬರುವುದೆಂದರೆ ಅವರೂ ಪುಸ್ತಕ ಬರೆಯಲು ಕಲಿಯುತ್ತಾರೆ. ಮೂರನೆಯದಾಗಿ, ದುರಸ್ತಿಯ ಹಕ್ಕು ಸರಕು ಸಾಗಣೆಯ ಲಘು ವಾಹನಗಳಿಗೂ ಪರಿಣಾಮಕಾರಿಯಾಗಿ ಅನ್ವಯಿಸುವಂತೆ, ತಂತಿಜಾಲದ ನಕ್ಷೆಗಳು ನ್ಯಾಯವಾದ ಬೆಲೆಗೆ ದೊರೆಯುವಂತೆ ಸರ್ಕಾರದ ಮುಂದೆ ಬೇಡಿಕೆ ಇಡುವುದು.

ದಾಸರಹಳ್ಳಿ ನಗರಸಭೆಯ ಕಾಲದಿಂದ, 2007ರಲ್ಲಿ ಮಹಾನಗರದೊಳಗೆ ಸೇರಿದ ಮೇಲೂ, ಬಾಗಲಗುಂಟೆಯ ಸಣ್ಣ ಕಾರ್ಖಾನೆಗಳು ಬದುಕಿಬಂದದ್ದು ಇದ್ದುದನ್ನು ಸರಿಪಡಿಸಿಕೊಂಡು ದುಡಿಸುವ ಗುಣದಿಂದ. ಈ ಗುಣ ಯಾವ ಆಸ್ತಿ ಹೊಣೆ ಪಟ್ಟಿಯಲ್ಲೂ ಕಾಣುವುದಿಲ್ಲ. ಆದರೂ ಅದು ಬಂಡವಾಳವೇ. ಎಲ್ಲ ಬಂಡವಾಳದಂತೆ ಇದನ್ನೂ ಲೆಕ್ಕವಿಟ್ಟು ಬಳಸಿದರೆ ಬೆಳೆಯುತ್ತದೆ, ಅಭಿಮಾನಕ್ಕೆ ಬಳಸಿದರೆ ಕರಗುತ್ತದೆ. ಮುಂದಿನ ಬಾರಿ ಕೆಂಪು ದೀಪ ಉರಿದಾಗ ಮಾಲೀಕನು ಸ್ಪ್ಯಾನರಿಗಿಂತ ಮೊದಲು ಮಲ್ಟಿಮೀಟರನ್ನೂ, ಮಲ್ಟಿಮೀಟರಿನ ಜೊತೆಗೆ ಗಾಡಿಯ ಪುಸ್ತಕವನ್ನೂ ಕೈಗೆತ್ತಿಕೊಳ್ಳಲಿ. ಅಷ್ಟಾದ ಮೇಲೆ ಅಂಗಿಯ ತೋಳು ಮಡಚಬೇಕೆ, ಫೋನು ಎತ್ತಬೇಕೆ ಎಂಬುದು ತಾನಾಗಿಯೇ ತಿಳಿಯುತ್ತದೆ.